ಎರಡು ಚುಕ್ಕೆ, ಆಮೇಲೆ ಡಟ

ಅವಳು ಓದಿದ್ದು ಮೂರನೇ ತರಗತಿ. ಹೊಲಿದದ್ದು ಮೂವತ್ತು ವರ್ಷ. ಅಂಗಿಗೆ ಕಾಲರು ಕೂರಿಸುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ.

ಗಂಡ ಸಣ್ಣ ಪ್ರೆಸ್ಸೊಂದರಲ್ಲಿ ಟೈಪ್ ಹೊಡೆಯುತ್ತಿದ್ದ. "ನಿನ್ನ ಕೈಲಿರೋ ವಿದ್ಯೆ ನಿನ್ನ ಜೊತೇಲೇ ಮಣ್ಣಾಗ್ಬೇಕಾ? ನೀನು ಹೇಳು, ನಾನು ಹೊಡೀತೀನಿ" ಎಂದು ಗಂಟು ಬಿದ್ದ. ಮದುವೆಯಾದಾಗಿನಿಂದ ಅವನು ಹೊಡೆದದ್ದು ಟೈಪ್ ಒಂದನ್ನೇ. ಅವಳು ಹೇಳಿದ್ದನ್ನು ಚೀಟಿಯಲ್ಲಿ ಗೀಚಿಕೊಂಡು ಹೋಗಿ, ಬಿಡುವಿನಲ್ಲಿ ಕಂಪ್ಯೂಟರಿಗೆ ಏರಿಸಿ, ಚೀಟಿ ಹರಿದು ಹಾಕುತ್ತಿದ್ದ.

ಹತ್ತು ದಿನದ ಹಿಂದೆ ಹಾಗೆ ಟೈಪ್ ಮಾಡುತ್ತಿದ್ದವನು ಎದೆ ಹಿಡಿದುಕೊಂಡು ಎದ್ದ. ಮತ್ತೆ ಕೂರಲಿಲ್ಲ.

ಅವನ ಕಂಪ್ಯೂಟರನ್ನು ಯಾರೂ ಮುಟ್ಟಲಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಬಿಟ್ಟಲ್ಲಿಗೇ ನಿಂತಿತ್ತು. ಇವತ್ತು ವೈರಿಂಗ್‌ನವನು ಬಂದು ಕರೆಂಟು ತೆಗೆಯುತ್ತಾನೆ ಎಂದು ಪ್ರೆಸ್ಸಿನ ಯಜಮಾನರು ಹೇಳಿಕಳಿಸಿದರು. ಆ ದಿನ ಹೊಡೆದದ್ದನ್ನು ಕಂಪ್ಯೂಟರಿನಲ್ಲಿ ಉಳಿಸಲು ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ. ಕರೆಂಟು ಹೋದರೆ ಕಾಲರಿನ ಪಾಠವೂ ಹೋಗುತ್ತದೆ. ಆ ದಿನದ ಚೀಟಿಯೂ ಸಿಕ್ಕಿರಲಿಲ್ಲ. ಇನ್ನೊಮ್ಮೆ ಹೇಳಬಹುದಿತ್ತು. ಬರೆದುಕೊಳ್ಳುವವನು ಇರಲಿಲ್ಲ. ಅವಳು ಹೊಲಿಗೆ ಬಿಟ್ಟು ಬಂದಳು.

ಒಳಗಿದ್ದವರು ಕರಡು ತಿದ್ದುವ ಮುದುಕ ಮೇಷ್ಟ್ರು ಒಬ್ಬರೇ.

"ಇದಕ್ಕೆ ಮೌಸೂ ಇಲ್ಲಮ್ಮ. ನಾನು ಕೆಂಪು ಪೆನ್ನಿನ ಮನುಷ್ಯ. ಏನೋ ಒತ್ತೋಕೆ ಹೋಗಿ ಎಲ್ಲ ಅಳಿಸಿ ಹೋದ್ರೆ?"

"ಅವರು ಮುಗಿಸುವಾಗ ಏನು ಒತ್ತುತಿದ್ರು, ನೋಡಿಲ್ವಾ?"

"ನೋಡಿದೀನಿ. ಮೂಲೆ ಕೀ. ಎರಡು ಚುಕ್ಕೆ. ಆಮೇಲೆ ಡಬ್ಲ್ಯೂ, ಕ್ಯೂ. ಮೊದಲನೇದು ಉಳಿಸು, ಎರಡನೇದು ಹೊರಗೆ ಬಾ ಅಂತಿದ್ದ."

ಅವಳು ಗಂಡನ ಕುರ್ಚಿಯಲ್ಲಿ ಕೂತಳು. ಮೇಷ್ಟ್ರು ತೋರಿಸಿದ ಕೀಗಳನ್ನು ಒಂದೊಂದಾಗಿ ಒತ್ತಿದಳು. ಪರದೆಯ ಅಡಿಯಲ್ಲಿ ಎರಡು ಚುಕ್ಕೆ ಬಂತು. ಪಕ್ಕದಲ್ಲಿ 'ಡಟ' ಎಂದು ಬಂತು. ಎಂಟರ್ ಒತ್ತಿದರೆ ಇಂಗ್ಲಿಷಿನಲ್ಲಿ ಏನೋ ಬೈದು ಸುಮ್ಮನಾಯಿತು.

"ಡಟ ಅಂದ್ರೆ ಏನು ಮೇಷ್ಟ್ರೇ?"

"ನಲವತ್ತು ವರ್ಷ ಕನ್ನಡ ಕಲಿಸಿದೀನಿ. ಅಂಥ ಪದ ಇಲ್ಲ."

ಮತ್ತೆ ಒತ್ತಿದಳು. ಮತ್ತೆ ಡಟ. ಹೊರಗೆ ಗೋಡೆಗೆ ಏಣಿ ಒರಗಿಸಿದ ಸದ್ದಾಯಿತು.

ಅವಳು ಕೀಗಳನ್ನೇ ದಿಟ್ಟಿಸಿದಳು. ಒಂದೊಂದರ ಮೇಲೂ ಎರಡು ಅಕ್ಷರ: ಇಂಗ್ಲಿಷಿನದು, ಅದರ ಕೆಳಗೆ ಕನ್ನಡದ್ದು. ಡಬ್ಲ್ಯೂ ಕೆಳಗೆ ಡ, ಕ್ಯೂ ಕೆಳಗೆ ಟ.

"ಮೇಷ್ಟ್ರೇ, ಅವರು ಕನ್ನಡ ಹೊಡೀತಾ ಎದ್ದದ್ದಲ್ವಾ? ಇದು ಇನ್ನೂ ಕನ್ನಡದಲ್ಲೇ ಇದೆ. ನಾವು ಹೇಳಿದ್ದು ಇದಕ್ಕೆ ತಿಳೀತಿಲ್ಲ."

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಭಾಷೆ ಬದಲಿಸೋಕೆ ಎರಡು ಕೀ ಒಟ್ಟಿಗೆ ಒತ್ತುತಿದ್ದ. ಇಗೋ, ಇವು."

ಬದಲಿಸಿ ಒತ್ತಿದಳು. ಬರಹವೆಲ್ಲ ಮಾಯವಾಯಿತು. ಅವಳು ಕೀಗಳಿಂದ ಕೈ ತೆಗೆದಳು.

"ಹೋಯ್ತಾ?"

"ಹೊರಗೆ ಬಂತು, ಅಷ್ಟೇ. ಮೇಲಿನ ಬಾಣದ ಕೀ ಒತ್ತು, ಹಿಂದೆ ತೆರೆದದ್ದು ಬರುತ್ತೆ, ಅವನು ಹಾಗೇ ಮಾಡ್ತಿದ್ದ. ಈಗ ಎಂಟರ್."

ಎಲ್ಲವೂ ಮರಳಿತು. ಅವಳು ಕೊನೆಯ ಸಾಲಿಗೆ ಇಳಿದಳು. 'ಕಾಲರಿನ ಮೂಲೆ ತಿರುಗಿಸುವಾಗ ಸೂಜಿ' ಎಂದಿತ್ತು. ಮುಂದೆ ಏನೂ ಇರಲಿಲ್ಲ.

ಅವಳು ಆ ಸಾಲಿನ ಮೇಲೆ ಬೆರಳಾಡಿಸಿದಳು. ಮೂಗು ಒರೆಸಿಕೊಂಡಳು.

"ಅಮ್ಮಾ, ಕರೆಂಟು ತೆಗೀಲಾ?" ಎಂದು ಏಣಿಯವನು ಕೇಳಿದ.

"ತಡಿಯಪ್ಪ, ಒಂದು ಸಾಲಿದೆ. ಬರೆಯೋಕೆ ಮೊದಲು ಅವರು ಯಾವ ಕೀ ಒತ್ತುತಿದ್ರು ಮೇಷ್ಟ್ರೇ?"

ಅವರು ತೋರಿಸಿದರು. ಮೊದಲು ಆ ಕೀ ಒತ್ತಿ, ಆಮೇಲೆ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಳು. ಅಕ್ಷರ ಹುಡುಕಿ ಹುಡುಕಿ ಒಂದೇ ಬೆರಳಲ್ಲಿ ಹೊಡೆದಳು: 'ಬಟ್ಟೆಯಲ್ಲೇ ಇರಲಿ, ಮೇಲೆ ಎತ್ತಬಾರದು.' ಮತ್ತೆ ಇಂಗ್ಲಿಷಿಗೆ ಬದಲಿಸಿ, ಉಳಿಸಿ ಹೊರಬಂದಳು. ಈ ಸಲ ಮೇಷ್ಟ್ರನ್ನು ಕೇಳಲಿಲ್ಲ.

"ಈಗ ತೆಗಿಯಪ್ಪ" ಎಂದಳು. ಎದ್ದು ನಿಂತು ಮೇಷ್ಟ್ರಿಗೆ ಹೇಳಿದಳು: "ನಾಳೆ ಬರ್ತೀನಿ. ತೋಳಿನ ಪಾಠ ಬಾಕಿ ಇದೆ."