ಅರಳಿಯ ಅಂಗರಕ್ಷಕ

ಅಗ್ರಹಾರದ ಹಳೇ ಕಮಾನಿಗೆ ಪಾರಂಪರಿಕ ಕಟ್ಟಡವೆಂಬ ಫಲಕವಿದೆ, ನೆತ್ತಿಯ ಬಿರುಕಿನಲ್ಲೊಂದು ಅರಳಿ ಗಿಡವಿದೆ, ಆ ಗಿಡಕ್ಕೆ ನಮ್ಮ ಕ್ಲೆಮೆಂಟ್ ಮೇಷ್ಟ್ರಿದ್ದಾರೆ! ಕೀಳಲು ಯಾರಾದರೂ ಏಣಿ ತಂದರೆ ಸಾಕು, ಹಸಿರು ಶಾಲು ಬೀಸಿಕೊಂಡು ಓಡಿಬಂದು ಏಣಿಯ ಮೇಲೇ ಕೂತುಬಿಡುತ್ತಾರೆ. "ಜೀವ ಕಣ್ರೀ ಅದು! ಕಿತ್ಬುಟ್ರೆ ಉಸಿರು ಯಾರು ಕೊಡ್ತಾರೆ, ನಿಮ್ಮ ಗಾರೆನಾ?" ಬೇಸಿಗೆಯಲ್ಲಿ ಉದ್ದನೆಯ ಬಿದಿರು ಗಳುವಿಗೆ ಪೈಪು ಕಟ್ಟಿ ನೀರುಣಿಸುತ್ತಾರೆ, ಹೊಸ ಚಿಗುರು ಕಂಡ ದಿನ ಬೀದಿಗೆಲ್ಲ ಮೈಸೂರು ಪಾಕು ಹಂಚುತ್ತಾರೆ. ಬಿರುಕು ಅಗಲವಾಗಿದೆ, ಗಾರೆ ಉದುರುತ್ತಿದೆ ಎಂದವರಿಗೆ ಎದೆ ತಟ್ಟಿ ಹೇಳುತ್ತಾರೆ: "ನೂರು ವರ್ಷ ನಿಂತಿದೆ, ಇನ್ನೂ ನೂರು ವರ್ಷ ನಿಲ್ಲುತ್ತೆ. ನಾನು ಗ್ಯಾರಂಟಿ!" ಹೊಗೆ ಉಗುಳುತ್ತದೆಂದು ಸ್ಕೂಟರನ್ನು ಎಂದೋ ಮಾರಿ, ಊರೆಲ್ಲ ನಡೆದೇ ತಿರುಗುವ ಮನುಷ್ಯ. ಆದರೆ ಈ ಭಾನುವಾರ ಹೆಂಡತಿ ಸೆಲಿನಾ ಜೊತೆ ಚರ್ಚಿಗೆ ಹೊರಟವರು ದಾರಿಯುದ್ದಕ್ಕೂ ಬಿಗಿಯುತ್ತಿದ್ದ ಅರಳಿಯ ಭಾಷಣವನ್ನು ಕಮಾನಿನಡಿ ಹಾಯುವ ಮುನ್ನ ನಿಲ್ಲಿಸಿದರು. ಬಟ್ಟೆ ಚೀಲದಿಂದ ಆ ಸ್ಕೂಟರಿನ ಕಾಲದ ಹೆಲ್ಮೆಟ್ ತೆಗೆದು, ಮುಡಿದ ಮಲ್ಲಿಗೆ ನಲುಗದ ಹಾಗೆ ಆಕೆಯ ತಲೆಗಿಟ್ಟು, ಗಲ್ಲದ ಕೆಳಗೆ ಪಟ್ಟಿ ಬಿಗಿದರು.