ವೃಶ್ಚಿಕ ರಾಶಿಯ ತಂಡ

ನಮ್ಮ ತಂಡದ ಹೆಸರಿನಲ್ಲಿ ನ್ಯೂಯಾರ್ಕ್ ಇದೆ, ಆಡುವುದು ನ್ಯೂಜೆರ್ಸಿಯಲ್ಲಿ, ಸೋಲುವುದು ಎಲ್ಲ ಕಡೆ. ಇಷ್ಟು ವರ್ಷ ಈ ಅಮೆರಿಕನ್ ಫುಟ್‌ಬಾಲ್ ತಂಡದ ಹಿಂದೆ ಬಿದ್ದು ನಾನು ಸಂಪಾದಿಸಿದ್ದು ಏನು ಎಂದರೆ ಒಂದು ಕೆಟ್ಟ ಬಾಯಿ. ಮನೆಯಲ್ಲಿ ಈ ಹುಚ್ಚು ಮೊದಲು ಹಿಡಿದದ್ದು ನನಗೆ, ಗಂಡನಿಗಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಕೆಲಸ ಮಾಡಲು ಬಿಡದ ವೀಸಾದ ಮೇಲೆ ಈಸ್ಟ್ ಬ್ರನ್ಸ್‌ವಿಕ್‌ನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕೂತು ಟಿವಿ ನೋಡಿ ನೋಡಿ ಆಟ ಕಲಿತೆ. ಸಂಜೆ ಗಂಡ ಬಂದಾಗ ಬೈಯಲು ನನಗೆ ಯಾರಾದರೂ ಬೇಕಿತ್ತು. ಅವರನ್ನು ಬೈಯುವ ಬದಲು ತಂಡವನ್ನು ಬೈಯುತ್ತಿದ್ದೆ. ನಮ್ಮ ಸಂಸಾರ ಉಳಿದದ್ದು ಹಾಗೆ ಎಂದು ಅವರು ಈಗಲೂ ತಮಾಷೆ ಮಾಡುತ್ತಾರೆ.

ನಮ್ಮ ಗುಂಪು ಚಿಕ್ಕದು. ನಾನು, ಗಂಡ, ಮೋಟೆಲ್ ನಡೆಸುವ ಅಣ್ಣ, ಹುಬ್ಬಳ್ಳಿಯ ಒಬ್ಬ ಹುಡುಗ. ಅಣ್ಣ ಎಂದರೆ ಒಡಹುಟ್ಟಿದವರಲ್ಲ, ನಮ್ಮ ಉಡುಪಿ ಕಡೆಯವರು ಎಂಬ ಸಲುಗೆ. ಹುಬ್ಬಳ್ಳಿಯವನು ಕ್ರ್ಯಾನ್‌ಬರಿಯ ಒಂದು ಗೋಡೌನಿನ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ, ಆಟಗಾರರ ಜಾತಕವೆಲ್ಲ ಅವನ ಫೋನಿನಲ್ಲಿರುತ್ತದೆ. ಭಾನುವಾರದ ಪಂದ್ಯಗಳನ್ನು ನಮ್ಮ ಮನೆಯ ಬೇಸ್‌ಮೆಂಟಿನಲ್ಲೇ ನೋಡುವುದು. ಜೊತೆಗೆ ನನ್ನ ಮಗಳು. ಅವಳ ವಿಷಯಕ್ಕಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಮ್ಮಲ್ಲೊಂದು ಪದ್ಧತಿ ಇತ್ತು. ನನ್ನ ತವರಿನ ಯುಗಾದಿ ಏಪ್ರಿಲ್‌ನಲ್ಲಿ, ಗಂಡನ ಮೈಸೂರಿನ ಯುಗಾದಿ ಮಾರ್ಚ್‌ನಲ್ಲಿ, ಅಮೆರಿಕದಲ್ಲಿ ಯುಗಾದಿ ಎಂದರೆ ಅದರ ಹತ್ತಿರದ ಭಾನುವಾರ. ಅವತ್ತು ಊಟವಾದ ಮೇಲೆ ಅಣ್ಣ ಕನ್ನಡಕ ಏರಿಸಿಕೊಂಡು, ಗಂಡನ ಮನೆಯವರು ಕಳಿಸಿದ ಪಂಚಾಂಗ ಬಿಡಿಸಿ, ಎಲ್ಲರ ರಾಶಿಫಲ ಓದುತ್ತಿದ್ದರು. ಕೊನೆಗೆ ತಂಡದ ವರ್ಷಫಲ. ಆದಾಯ ಎಂದರೆ ಗೆಲುವು, ವ್ಯಯ ಎಂದರೆ ಸೋಲು ಎಂದು ಅವರೇ ಮಾಡಿಕೊಂಡ ಲೆಕ್ಕ. ಮೊದಲ ವರ್ಷ ತಂಡದ ರಾಶಿ ಯಾವುದು ಎಂದು ಭಾರೀ ಜಗಳ ನಡೆದಿತ್ತು. ಆಗ ತಂಡದ ಜೆರ್ಸಿ ಹಾಕಿಕೊಂಡು ಅಣ್ಣನ ತೊಡೆಯ ಮೇಲೆ ಕೂತು ಒಬ್ಬಟ್ಟು ತಿನ್ನುತ್ತಿದ್ದ ನನ್ನ ಮಗಳನ್ನು ಅವರು ನೋಡಿ, ಇವಳದ್ದೇ ಓದಿದರಾಯಿತು ಎಂದರು. ಅವಳದು ವೃಶ್ಚಿಕ. ಅವತ್ತಿನಿಂದ ತಂಡದ್ದೂ ವೃಶ್ಚಿಕ. ಪ್ರತಿ ವರ್ಷ ಅಣ್ಣ ಓದಿ ಮುಗಿಸಿದ ಮೇಲೆ ಅವಳು, ಇದು ನನ್ನದೂ ಅಲ್ಲವಾ ಎಂದು ಇಂಗ್ಲಿಷಿನಲ್ಲಿ ಕೇಳುವುದು, ನಿನ್ನದು ಬರೀ ಒಳ್ಳೆಯ ಭಾಗ, ಕೆಟ್ಟದ್ದೆಲ್ಲ ತಂಡಕ್ಕೆ ಎಂದು ಅಣ್ಣ ಅವಳ ಕೈಗೆ ಇನ್ನೊಂದು ಒಬ್ಬಟ್ಟು ಇಡುವುದು, ಇದು ಅಲ್ಲಿಯವರೆಗೆ ತಪ್ಪಿದ್ದೇ ಇರಲಿಲ್ಲ.

ಅವಳು ಬೆಳೆದು ಹೈಸ್ಕೂಲಿನ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್ ತಂಡ ಸೇರಿದಳು. ಅದರಲ್ಲಿ ಕೆಡವಿ ಬೀಳಿಸುವುದಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕು. ಅವಳು ರಿಸೀವರ್. ಎಂದರೆ ಅಂಚಿನಲ್ಲಿ ನಿಂತು, ಎದುರಿನವಳನ್ನು ಹಿಂದೆ ಹಾಕಿ ಓಡಿ, ದೂರದಿಂದ ಬರುವ ಚೆಂಡನ್ನು ಹಿಡಿಯುವವಳು. ವೇಗಕ್ಕಿಂತ ಮುಖ್ಯವಾದದ್ದು ತಿರುವು. ಜೋರಾಗಿ ಓಡುತ್ತಿರುವಾಗಲೇ ಒಂದು ಕಾಲೂರಿ ಗಕ್ಕನೆ ದಿಕ್ಕು ಬದಲಿಸಬೇಕು. ಅವಳ ತಿರುವು ನೋಡಿದರೆ ನನ್ನಂಥ ಹಾಳು ಬಾಯಿಯವಳಿಗೂ ಬೈಯಲು ಏನೂ ಸಿಗುತ್ತಿರಲಿಲ್ಲ. ಹೋದ ವರ್ಷದ ವಸಂತದಲ್ಲಿ ಹಾಗೆ ತಿರುಗುವಾಗಲೇ ಬಲಮಂಡಿಯ ಲಿಗಮೆಂಟ್ ಹರಿಯಿತು. ಯಾರೂ ಮುಟ್ಟಿರಲಿಲ್ಲ. ಆ ಸದ್ದು ಬೇಲಿಯಾಚೆ ಕೂತಿದ್ದ ನನಗೆ ಕೇಳಿತು. ಕೇಳಿಸಲು ಸಾಧ್ಯವೇ ಇಲ್ಲ ಎನ್ನುತ್ತಾರೆ ಗಂಡ, ನನಗೆ ಕೇಳಿತು.

ಆಪರೇಷನ್ ಆಯಿತು. ತಿಂಗಳುಗಟ್ಟಲೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋದವರು ಗಂಡ, ನನಗೆ ಆ ಕೋಣೆಯ ವಾಸನೆಯೇ ಆಗುತ್ತಿರಲಿಲ್ಲ. ಈ ಮಾರ್ಚ್ ಹೊತ್ತಿಗೆ ಡಾಕ್ಟರ್ ಆಡಬಹುದು ಎಂದರು. ಅವಳ ಹೈಸ್ಕೂಲಿನ ಕೊನೆಯ ಸೀಸನ್. ಯುಗಾದಿಯ ಭಾನುವಾರದ ಮರುದಿನವೇ ಸ್ಕೂಲ್ ತಂಡದ ಆಯ್ಕೆ. ಹೋಗ್ತೀಯಾ ಎಂದು ಕೇಳಿದರೆ, "ಐ ಥಿಂಕ್ ಸೋ" ಎನ್ನುತ್ತಿದ್ದಳು. ಹೌದು ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ನಾನು ಬಲವಂತ ಮಾಡಲಿಲ್ಲ. ಅವಳು ಮತ್ತೆ ಆಡುವುದು ನೋಡಬೇಕು ಎಂದು ನನಗೆ ಎಷ್ಟು ಆಸೆಯಿತ್ತೋ ಅಷ್ಟೇ ಹೆದರಿಕೆಯೂ ಇತ್ತು.

ಅದೇ ವಾರ ನಮ್ಮ ತಂಡ ಹೊಸ ರಿಸೀವರ್ ಒಬ್ಬನಿಂದ ಕರಾರಿಗೆ ಸಹಿ ಹಾಕಿಸಿತು. ಒಂದು ಕಾಲದಲ್ಲಿ ದೊಡ್ಡ ಆಟಗಾರ. ಒಂದೇ ಮಂಡಿಗೆ ಎರಡು ಸಲ ಆಪರೇಷನ್ ಆದವನು. ಬಲಮಂಡಿ.

ಯುಗಾದಿಯ ಊಟ ಮುಗಿಯುವುದರೊಳಗೆ ಚರ್ಚೆ ಶುರುವಾಯಿತು. ಹುಬ್ಬಳ್ಳಿಯವನು ಫೋನು ತೆಗೆದು, ಹೋದ ಸೀಸನ್‌ನಲ್ಲಿ ಅವನು ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತದ್ದೇ ಹೆಚ್ಚು ಎಂದು ವರದಿ ಒಪ್ಪಿಸಿದ. ಚೆಂಡು ಎಸೆಯುವವನನ್ನು ಕಾಪಾಡಲು ಮುಂದಿನ ಸಾಲಿನಲ್ಲಿ ಗಟ್ಟಿ ಆಳುಗಳೇ ಇಲ್ಲದಿರುವಾಗ ಹಿಡಿಯುವವನನ್ನು ತಂದು ಏನು ಮಾಡುವುದು, ಚೆಂಡು ಕೈಬಿಟ್ಟರಲ್ಲವೇ ಹಿಡಿಯುವ ಮಾತು ಎಂದು ಅಣ್ಣ ತಲೆ ಚಚ್ಚಿಕೊಂಡರು. ನಮ್ಮ ತಂಡಕ್ಕೆ ಸವೆದ ಟೈರು ತಂದು ಹೊಸ ಕಾರು ಎನ್ನುವ ಚಾಳಿ ಮೊದಲಿಂದಲೂ ಇದೆ. ನಾಲ್ಕೈದು ಹೆಸರು ಹೇಳಿ ಎಲ್ಲರೂ ಹೊಟ್ಟೆ ಉರಿದುಕೊಂಡರು.

ಮಗಳು ಆ ಹೊತ್ತಿಗೆ ಕಣಕಾಲುಗಳಿಗೆ ನೀಲಿ ರಬ್ಬರ್ ಪಟ್ಟಿ ಹಾಕಿಕೊಂಡು ಟಿವಿಗೂ ಸೋಫಾಕ್ಕೂ ನಡುವೆ ಅಡ್ಡಡ್ಡ ಹೆಜ್ಜೆ ಹಾಕುತ್ತಿದ್ದಳು. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ. ವರ್ಷವಿಡೀ ನೋಡಿ ನಮಗೆ ಎಷ್ಟು ಅಭ್ಯಾಸವಾಗಿತ್ತು ಎಂದರೆ, ಅವಳು ಹತ್ತಿರ ಬಂದಾಗ ಎಲ್ಲರೂ ಮಾತು ನಿಲ್ಲಿಸದೆಯೇ ಕಾಲು ಎತ್ತಿಕೊಂಡು ದಾರಿ ಬಿಡುತ್ತಿದ್ದರು. ಅವಳಿಗೆ ಕನ್ನಡ ಅರ್ಥವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ, ಅಷ್ಟೇ. ಅವತ್ತು ಮಾತ್ರ ಅವರಲ್ಲಿ ಒಬ್ಬರಿಗಾದರೂ ಅದು ನೆನಪಿಗೆ ಬರಲಿಲ್ಲ. ಅವರ ತಲೆಯಲ್ಲಿ ಇದ್ದದ್ದು ತಂಡ ಒಂದೇ.

ಗಂಡ ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಕೊಳ್ಳುತ್ತಾ, ನಿಧಾನವಾಗಿ, ಬಹಳ ಯೋಚನೆ ಮಾಡಿದವರಂತೆ ಹೇಳಿದರು: "ಮಂಡಿ ರಿಪೇರಿ ಆಗುತ್ತೆ ಕಣ್ರೀ. ಓಡ್ತಾನೆ ಕೂಡ. ಆದರೆ ತಿರುಗೋ ಹೊತ್ತಿಗೆ ಒಳಗಿಂದ ಒಂದು ಭಯ ಬರುತ್ತಲ್ಲ, ಅದಕ್ಕೆ ಯಾವ ಡಾಕ್ಟರೂ ಆಪರೇಷನ್ ಮಾಡಲ್ಲ. ಮುಗೀತು ಅವನ ಕಥೆ."

ಹೆಜ್ಜೆ ನಿಂತಿತು. ರಬ್ಬರ್ ಪಟ್ಟಿ ಬಿಗಿಯಾಗಿಯೇ ಇತ್ತು, ಅವಳು ಕಾಲು ಅಗಲಿಸಿ ಟಿವಿಯ ಕಡೆ ಮುಖ ಮಾಡಿ ನಿಂತಿದ್ದಳು. ನಾನು ಗಂಡನನ್ನು ದುರುಗುಟ್ಟಿ ನೋಡಿದೆ. ಆ ಮನುಷ್ಯ ತುಪ್ಪ ಬೇಕಾ ಎಂದು ಕೇಳಿದರು.

"ಶುರು ಮಾಡ್ರಿ ಅಕ್ಕಾ," ಎಂದ ಹುಬ್ಬಳ್ಳಿಯವನು. ಯಾವ ಆಟಗಾರ ಬಂದರೂ ಅವನ ಏಳು ತಲೆಮಾರು ಜಾಲಾಡುವುದು ನನ್ನ ಪಾಲಿನ ಕೆಲಸ. ಎಲ್ಲರೂ ಅದಕ್ಕೇ ಕಾದಿದ್ದರು. ನಾನು ಶುರು ಮಾಡಿದೆ, ಆದರೆ ತಿರುಗಿಸಿ. ಇವನನ್ನು ತಂದದ್ದು ಒಳ್ಳೆಯ ಕೆಲಸ ಎಂದೆ. ಎರಡು ಸಲ ಬಿದ್ದು ಎರಡು ಸಲ ಎದ್ದವನಿಗೆ ಇರುವ ಗುಂಡಿಗೆ ನಿಮ್ಮ ಯಾವ ಹೊಸ ಹುಡುಗನಿಗೆ ಇದೆ ಎಂದೆ. ಈಗಿನ ಆಪರೇಷನ್ ಹಳೆಯ ಕಾಲದ್ದಲ್ಲ, ಕೂಡಿಸಿದ ಜಾಗ ಮೊದಲಿಗಿಂತ ಗಟ್ಟಿ ಎಂದು ಎಲ್ಲೋ ಓದಿದ್ದೇನೆ ಎಂದೆ. ಎಲ್ಲಿಯೂ ಓದಿರಲಿಲ್ಲ. ಮೊದಲ ಪಂದ್ಯದಲ್ಲೇ ನೋಡುತ್ತಾ ಇರಿ, ನಿಮ್ಮ ಬಾಯಿ ಮುಚ್ಚಿಸುತ್ತಾನೆ ಎಂದು ಮೇಜು ಕುಟ್ಟಿದೆ. ಮಾತಾಡುತ್ತಾ ಆಡುತ್ತಾ ನನ್ನ ದನಿ ಏರಿತು.

ಅಣ್ಣ ಕನ್ನಡಕ ಇಳಿಸಿ ನನ್ನನ್ನೇ ನೋಡಿದರು. "ಎಂತ ಮಾರಾಯ್ತಿ, ನಿಂಗೆ ಜ್ವರ ಉಂಟಾ?" ಎಂದರು. ಎಲ್ಲರೂ ನಕ್ಕರು. ಮಗಳೂ ತಿರುಗಿ ಒಂದು ಕ್ಷಣ ನನ್ನನ್ನು ನೋಡಿದಳು, ನಗಲಿಲ್ಲ. ಆಮೇಲೆ ಹೆಜ್ಜೆ ಮುಂದುವರಿಸಿದಳು. ಅಬ್ಬಾ, ಸರಿಹೋಯಿತು ಎಂದುಕೊಂಡೆ ನಾನು.

ಅಣ್ಣ ಪಂಚಾಂಗ ತೆಗೆದರು. ಬೇಡ ಅಣ್ಣ, ಈ ಸಲ ಬಿಡಿ ಎಂದೆ. ಅದು ಹೇಗೆ ಬಿಡುವುದು ಎಂದರು. ವೃಶ್ಚಿಕಕ್ಕೆ ಆದಾಯ ಎರಡು, ವ್ಯಯ ಹದಿನಾಲ್ಕು. ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು, ಇಷ್ಟು ಸರಿಯಾದ ಪಂಚಾಂಗ ಪ್ರಪಂಚದಲ್ಲೇ ಇಲ್ಲ ಎಂದರು. ದೇಹಕ್ಕೆ ಪೀಡೆ, ಹಿಡಿದ ಕೆಲಸ ಕೈಗೂಡುವುದಿಲ್ಲ ಎಂಬ ಸಾಲು ಬಂದಾಗ ಅಣ್ಣ ಅದನ್ನು ಪುರೋಹಿತರ ರಾಗದಲ್ಲಿ ಎರಡು ಸಲ ಓದಿದರು. ಹೊಸ ರಿಸೀವರನ ಮಂಡಿಯ ಬಗ್ಗೆ ಸಾಕ್ಷಾತ್ ಶಾಸ್ತ್ರವೇ ಹೇಳಿದೆ ಎಂದು ಗಂಡ ಚಪ್ಪಾಳೆ ತಟ್ಟಿದರು. ಇದು ನನ್ನದೂ ಅಲ್ಲವಾ ಎಂದು ಯಾರೂ ಕೇಳಲಿಲ್ಲ. ಒಬ್ಬಟ್ಟು ತಟ್ಟೆಯಲ್ಲೇ ಉಳಿಯಿತು. ಅಣ್ಣನಿಗೆ ಅದು ಗಮನಕ್ಕೂ ಬರಲಿಲ್ಲ, ಅವರನ್ನು ಬೈದು ಏನು ಪ್ರಯೋಜನ. ಮಗುವಿದ್ದಾಗಿನಿಂದ ಅವಳನ್ನು ಎತ್ತಿ ಆಡಿಸಿದ ಮನುಷ್ಯ.

ಸಂಜೆ, ಇನ್ನೂ ಬೆಳಕಿರುವಾಗಲೇ, ಅವರೆಲ್ಲ ಹೊರಟರು. ಗಂಡ ಅವರನ್ನು ಕಾರಿನವರೆಗೆ ಬಿಡಲು ಹೋಗಿ ಡ್ರೈವ್‌ವೇಯಲ್ಲಿ ನಿಂತು ಮತ್ತೆ ಅದೇ ಚರ್ಚೆಗೆ ಬಿದ್ದರು. ನಾನು ಪಾತ್ರೆ ತೊಳೆಯುತ್ತಿದ್ದೆ, ಮಗಳು ಪಕ್ಕದಲ್ಲಿ ನಿಂತು ಒರೆಸುತ್ತಿದ್ದಳು. ನಾಳೆಗೆ ಶೂ ಕಾರಿನಲ್ಲಿ ಇಡಲೇ ಎಂದು ಕೇಳಿದೆ. ಬೇಡ ಎಂದಳು. ಅಪ್ಪನ ಮಾತಿಗೆಲ್ಲ ತಲೆ ಕೆಡಿಸಿಕೊಳ್ಳಬೇಡ, ಅವರಿಗೆ ಏನು ಗೊತ್ತು ಎಂದು ನಾನು ಶುರು ಮಾಡಿದೆ.

"ಡ್ಯಾಡ್ ಹೇಳಿದ್ದಕ್ಕೆ ನಂಗೇನೂ ಅನ್ನಿಸ್ಲಿಲ್ಲ ಅಮ್ಮಾ," ಎಂದಳು. ಕನ್ನಡದಲ್ಲೇ. "ಡ್ಯಾಡ್ ಎಲ್ಲರಿಗೂ ಹಾಗೇ ಹೇಳೋದು. ಬಟ್ ನೀನು ಹೊಗಳಿದ್ಯಲ್ಲ. ಯು ನೆವರ್ ಡಿಫೆಂಡ್ ಎನಿಬಡಿ. ನೀನು ಅವನನ್ನ ಹೊಗಳಿದಾಗ ನಂಗೆ ಗೊತ್ತಾಯ್ತು."

"ಎಂತ ಗೊತ್ತಾಯ್ತು?"

"ನಿಂಗೂ ನಂಬಿಕೆ ಇಲ್ಲ ಅಂತ."

ಸಿಟ್ಟು ಇರಲಿಲ್ಲ ಅವಳ ದನಿಯಲ್ಲಿ. ಸಿಟ್ಟಿದ್ದರೆ ಜಗಳವಾಡಬಹುದಿತ್ತು, ಜಗಳ ನನಗೆ ಬರುತ್ತದೆ. ನಂಬಿಕೆ ಇದೆ ಎಂದರೆ ಇನ್ನೊಂದು ಹೊಗಳಿಕೆಯಾಗುತ್ತಿತ್ತು, ಇಲ್ಲ ಎಂದು ಹೆತ್ತ ತಾಯಿ ಹೇಗೆ ಹೇಳುವುದು. ನಲ್ಲಿ ಹರಿಯುತ್ತಲೇ ಇತ್ತು. ಅವಳೇ ಕೈ ಚಾಚಿ ನಿಲ್ಲಿಸಿದಳು, ಒರೆಸಿದ ಲೋಟಗಳನ್ನು ಕಪಾಟಿನಲ್ಲಿಟ್ಟು ಮೇಲೆ ಹೋದಳು.

ಸೋಮವಾರ ಅವಳು ಆಯ್ಕೆಗೆ ನಿಲ್ಲಲಿಲ್ಲ. ಮಾಮೂಲಿನ ಸ್ಕೂಲ್ ಬಸ್ಸಿನಲ್ಲಿ ಮನೆಗೆ ಬಂದು, ಕಾಲೇಜಿನ ಓದು ಇದೆ, ಆಟಕ್ಕೆ ಟೈಮ್ ಇಲ್ಲ ಎಂದಳು. ಗಂಡನಿಗೆ ಅರ್ಥವೇ ಆಗಲಿಲ್ಲ. ಡಾಕ್ಟರ್ ಆಡಬಹುದು ಎಂದಿದ್ದರಲ್ಲ, ಅಷ್ಟು ಕಷ್ಟಪಟ್ಟಳಲ್ಲ, ಏನಾಯಿತು ಇವಳಿಗೆ ಎಂದು ನನ್ನನ್ನು ಎಷ್ಟೋ ದಿನ ಕೇಳಿದರು. ಆ ಕೋಣೆಗೆ ತಿಂಗಳುಗಟ್ಟಲೆ ಓಡಾಡಿದ ಮನುಷ್ಯನಿಗೆ ಏನೆಂದು ಹೇಳಲಿ. ಇವತ್ತಿಗೂ ಹೇಳಿಲ್ಲ. ನೀಲಿ ಪಟ್ಟಿ ಬೇಸ್‌ಮೆಂಟಿನ ಸೋಫಾದ ಸಂದಿಯಲ್ಲಿ ಸಿಕ್ಕಿತು, ತೆಗೆದು ಡ್ರಾಯರಿನಲ್ಲಿಟ್ಟೆ. ಅವಳ ಕೊನೆಯ ಸೀಸನ್ ಅವಳಿಲ್ಲದೆ ಶುರುವಾಗಿ ಅವಳಿಲ್ಲದೆ ಮುಗಿಯಿತು. ಆಗಸ್ಟ್‌ನಲ್ಲಿ ಅವಳನ್ನು ಕಾಲೇಜಿಗೆ ಬಿಟ್ಟು ಬಂದೆವು.

ಸೆಪ್ಟೆಂಬರಿನ ಮೊದಲ ಭಾನುವಾರದ ಪಂದ್ಯಕ್ಕೆ ನಾಲ್ವರೇ ಕೂತಿದ್ದೆವು. ಎರಡನೆಯ ಭಾಗದಲ್ಲಿ ಆ ರಿಸೀವರ್ ಅಂಚಿನಿಂದ ಜೋರಾಗಿ ಓಡಿ ಬಂದ, ಬಲಗಾಲು ಊರಿದ, ಗಕ್ಕನೆ ಒಳಕ್ಕೆ ತಿರುಗಿದ. ಅವನನ್ನು ಕಾಯುತ್ತಿದ್ದ ಎದುರಾಳಿ ಜಾರಿಬಿದ್ದ. ಚೆಂಡು ರಿಸೀವರನ ಕೈಗೆ ಬಂತು, ಅವನು ಕೊನೆಯ ಗೆರೆಯವರೆಗೂ ಒಬ್ಬನೇ ಓಡಿದ. ಅಣ್ಣ ಎದ್ದು ನಿಂತು ಕುಣಿದರು, ನಾನು ಆಗಲೇ ಹೇಳಿದ್ದೆನಲ್ಲ ಎಂದರು. ಮಂಡಿ ಹೊಸದರಂತಿದೆ ಎಂದು ಗಂಡ ತಾವೇ ಆಪರೇಷನ್ ಮಾಡಿದವರ ಹಾಗೆ ಬೀಗಿದರು. ಹುಬ್ಬಳ್ಳಿಯವನು ಮಾತ್ರ ನ್ಯಾಯವಾಗಿ ಮಾತಾಡಿದ. "ಯಾರೂ ಹೇಳಿರಲಿಲ್ಲ ಬಿಡ್ರಿ. ಅಕ್ಕಾರು ಒಬ್ಬರೇ ನಂಬಿದ್ರು," ಎಂದ. ಗಂಡ ನನ್ನ ಬೆನ್ನು ತಟ್ಟಿದರು.

ಫೋನು ಗುಂಯ್‌ಗುಟ್ಟಿತು. ಮಗಳ ಮೆಸೇಜು. ಫುಟ್‌ಬಾಲ್ ನೋಡುವುದು ಬಿಟ್ಟಿದ್ದೇನೆ ಎಂದವಳು ಹಾಸ್ಟೆಲಿನಲ್ಲಿ ಕೂತು ನೋಡುತ್ತಿದ್ದಳು. "ಅದೇ ಮಂಡಿ, ಅಮ್ಮಾ. ಡಿಡ್ ಯು ಸೀ?"

ನಾನು ಏನೇನೋ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಅಷ್ಟರಲ್ಲಿ ನಮ್ಮ ತಂಡ ಚೆಂಡು ಕಳೆದುಕೊಂಡು, ಎಂದಿನಂತೆ ಸೋಲುವ ದಾರಿ ಹಿಡಿಯಿತು. ಬೈಯಿರಿ ಅಕ್ಕಾ, ಬೈಯಿರಿ ಎನ್ನುತ್ತಿದ್ದ ಹುಬ್ಬಳ್ಳಿಯವನು. ಕೊನೆಗೆ 'ನೋಡಿದೆ ಮಗಾ' ಎಂದಷ್ಟೇ ಕಳಿಸಿದೆ.