ಕುತ್ತಿಗೆ ಹಗುರ ಮಾಡುತ್ತಿದ್ದ ಕಾಕಾ

ಹೋದ ವಾರ ಮಾಳಿಗೆ ಸೋರಿ, ಹಿತ್ತಲ ಕೋಣೆಯ ಸಾಮಾನು ಸರಿಸಬೇಕಾಯಿತು. ಮೂಲೆಯ ಟೇಬಲ್ಲಿನ ಮೇಲಿದ್ದ ಪುಟ್ಟ ಲೇತ್ ಮಷೀನಿನ ಗೋಣಿತಾಟು ಎತ್ತಿದ್ದೇ ತಡ, ನಾತ ಮೂಗಿಗೆ ಬಡಿಯಿತು. ಮಷೀನಿನ ಕೆಳಗಿದ್ದ ತಗಡಿನ ಡಬ್ಬಿಯಲ್ಲಿ ಹಳೆಯ ಕೂಲಂಟ್ ತಳಕ್ಕೆ ಅಂಟಿ ಒಣಗಿತ್ತು. ಲೋಹ ಕೊರೆಯುವಾಗ ಕಾವೇರಬಾರದೆಂದು ಸುರಿಯುವ ಎಣ್ಣೆನೀರು ಅದು. ಹೊಸದಿದ್ದಾಗ ಹಾಲಿನಂತಿರುತ್ತದೆ, ಕೆಟ್ಟರೆ ಕೊಳೆತ ಮೊಟ್ಟೆ. ಸೋರಿದ ನೀರು ಬಿದ್ದು ಅದಕ್ಕೆ ಮತ್ತೆ ಜೀವ ಬಂದಿತ್ತು. ಹೊರಗೆ ಓಡಿ ಬೇವಿನ ಗಿಡದ ಬುಡದಲ್ಲಿ ಕಾರಿಕೊಂಡೆ. ಐವತ್ತು ದಾಟಿದ ಹೈಸ್ಕೂಲ್ ಮಾಸ್ತರನಾದ ನಾನು ಹಿತ್ತಲಲ್ಲಿ ಕಾರಿಕೊಳ್ಳುವುದನ್ನು ಪಕ್ಕದ ಮನೆಯ ಮಕ್ಕಳು ನಿಂತು ನೋಡಿದವು.

ಆ ನಾತ ನಮ್ಮ ಕಾಕಾನದು. ರಕ್ತಸಂಬಂಧದ ಕಾಕಾ ಅಲ್ಲ, ಬನಹಟ್ಟಿಯ ನಮ್ಮ ಓಣಿಯಲ್ಲಿ ಅಪ್ಪನ ವಯಸ್ಸಿನವರೆಲ್ಲ ಕಾಕಾಗಳೇ. ಅನಗವಾಡಿಯ ಆಚೆ ಹೊಳೆದಂಡೆಯ ಊರು ಅವರದು. ಅಣೆಕಟ್ಟಿನ ಹಿನ್ನೀರು ಬಂದು ಊರು ಮುಳುಗಿ ಹೋದ ಮೇಲೆ ಹೆಂಡತಿಯನ್ನು ಕರೆದುಕೊಂಡು ಬಂದು ನಮ್ಮ ಪಕ್ಕದ ಮನೆ ಹಿಡಿದರು. ಅದಕ್ಕೂ ಮೊದಲು ಇಚಲಕರಂಜಿಯಲ್ಲಿ ಮಗ್ಗದ ಸಾಮಾನು ಮಾಡುವ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದರಂತೆ. ಗಾಡಿಯಿಂದ ಸಾಮಾನು ಇಳಿಸಿದ ದಿನ ಕೂಸನ್ನು ಎತ್ತಿಕೊಳ್ಳುವ ಹಾಗೆ ಒಂದು ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದದ್ದು ನೆನಪಿದೆ. ಅದೇ ಈ ಮಷೀನು. ಉದ್ದ ಒಂದೂವರೆ ಮೊಳ. ಕಂಪನಿಯ ಲೇತ್ ಎಷ್ಟು ದೊಡ್ಡದಿರುತ್ತದೆಂದು ಗೊತ್ತಿದ್ದವರಿಗೆ ಇದು ಆಟಿಕೆ ಅನ್ನಿಸಬೇಕು. ಆದರೆ ಲೋಹವನ್ನು ಕಚ್ಚಿ ಹಿಡಿದು ತಿರುಗುವ ಚಕ್ಕು, ಕೊರೆಯುವ ಟೂಲು, ಹಿಡಿಕೆ, ಎಲ್ಲ ಇತ್ತು.

ಇವತ್ತಿಗೂ ಬರೆಯುವಾಗ ‘ಅವರು’ ಅಂತಲೇ ಬರುತ್ತದೆ. ನನ್ನ ಕೈಗೆ ಎರಡು ಹೊಡೆಯಬೇಕು.

ಹಣೆ ತುಂಬ ವಿಭೂತಿ, ಮಾತಿಗೊಮ್ಮೆ ಶಿವಾ ಶಿವಾ. ದವಡೆಯಲ್ಲಿ ಸದಾ ತಂಬಾಕು. ಅದನ್ನು ಉಗುಳಲು ಎದ್ದು ಹೊರಗೆ ಹೋಗುವ ಮನುಷ್ಯ ಅಲ್ಲ. ಕೂಲಂಟಿನ ಡಬ್ಬಿಗೇ ಉಗುಳುವುದು, ಆಮೇಲೆ ಅದೇ ನೀರನ್ನು ಬ್ರಷ್‌ನಲ್ಲಿ ಅದ್ದಿ ಮಷೀನಿಗೆ ಹಚ್ಚುವುದು. ಲೋಹದ ಚೂರು ಹಲ್ಲಿನಲ್ಲಿ ಕಚ್ಚಿ ನೋಡುವುದು, ನೋಡಿದ್ದನ್ನು ಅಂಗಿಗೆ ಒರೆಸುವುದು. ಆ ಕೈಯಲ್ಲೇ ರೊಟ್ಟಿ ಮುರಿದು ನನ್ನ ಕಡೆಗೂ ಒಂದು ಚೂರು ಚಾಚುತ್ತಿದ್ದರು. ನಾನು ಹಸಿವಿಲ್ಲ ಅನ್ನುತ್ತಿದ್ದೆ.

ಇಷ್ಟೆಲ್ಲ ಹೇಸಿಗೆ ಇದ್ದೂ ನಾನು ದಿನಾ ಸಂಜೆ ಅಲ್ಲಿಗೇ ಹೋಗುತ್ತಿದ್ದೆ. ಹೋಗಬೇಡ ಅಂದಿದ್ದರೆ ಅತ್ತುಬಿಡುತ್ತಿದ್ದೆನೋ ಏನೋ. ಬಾಗಲಕೋಟ ಬೇರೆ ಜಿಲ್ಲೆಯಾದ ಹೊಸತು, ನನಗೆ ನೌಕರಿ ಸಿಕ್ಕು ಮೂರ್ನಾಲ್ಕು ವರ್ಷ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ ಅನ್ನುವುದು ಹೆಸರಿಗೆ ಮಾತ್ರ. ಪ್ರಯೋಗಾಲಯದ ಕಪಾಟಿಗೆ ಬೀಗ, ಬೀಗದ ಕೈ ಹೆಡ್‌ಮಾಸ್ತರರ ಮನೆಯಲ್ಲಿ. ಇಲ್ಲಿ ಮಾತ್ರ ತುಕ್ಕು ಹಿಡಿದ ಸಲಾಕೆಯೊಂದು ಕಣ್ಣೆದುರೇ ಕನ್ನಡಿಯಾಗುತ್ತಿತ್ತು. ಟೂಲು ತಾಗಿದ ಕೂಡಲೇ ಸುರುಳಿ ಸುರುಳಿಯಾಗಿ ಕಬ್ಬಿಣ ಎದ್ದು ಬರುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಓಣಿಯ ಮಗ್ಗದವರು ಲಾಳಿಯ ಮೂತಿ ಸವೆಯಿತೆಂದೋ ಪಿನ್ನು ಮುರಿಯಿತೆಂದೋ ಬರುತ್ತಿದ್ದರು, ಹತ್ತು ನಿಮಿಷದಲ್ಲಿ ಹೊಸದು ಕೈಗೆ ಬರುತ್ತಿತ್ತು. ಕೆಲಸಗಾರ ಅಂದರೆ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ನಾನು ಹಿಡಿಕೆ ತಿರುಗಿಸುವಾಗ ಮಷೀನಿನ ಮೇಲೆ ಬಗ್ಗಿ ಕಣ್ಣು ನೆಟ್ಟರೆ ಬೆನ್ನಿಗೆ ತಟ್ಟುತ್ತಿದ್ದರು.

“ಕಣ್ಣಿಂದ ಅಲ್ಲ ಮಾಸ್ತರ, ಕಿವಿಯಿಂದ ಕೊರಿ. ಟೂಲು ಅಳಾಕತ್ತಿತಂದ್ರ ಹಿಂದಕ್ಕ ಸರಿ.”

ಆ ಪಾಠ ಇವತ್ತಿಗೂ ಮರೆತಿಲ್ಲ...

ಅವ್ವನ ಕರಡಿಗೆ ಆ ಮಷೀನಿಗೆ ಏರಿದ್ದು ಹೀಗೆ. ಇಷ್ಟಲಿಂಗ ಇಟ್ಟುಕೊಂಡು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ ಅವಳದು, ಅವಳ ಅತ್ತೆಯಿಂದ ಬಂದದ್ದು. ಉಂಡಿಯಂತೆ ದುಂಡಗೆ, ಗಟ್ಟಿ ಎರಕ, ಮೇಲೆ ತಿರುಪಿನ ಮುಚ್ಚಳ. ತಿರುಪು ಸವೆದು ಮುಚ್ಚಳ ನಿಲ್ಲದಾಗಿತ್ತು. ಒಂದು ದಿನ ರೊಟ್ಟಿ ಬಡಿಯುವಾಗ ಲಿಂಗ ಜಾರಿ ಹಿಟ್ಟಿನಲ್ಲಿ ಬಿತ್ತು. ಅವ್ವ ಅವತ್ತು ಒಂದು ಗುಟುಕು ನೀರು ಕುಡಿಯಲಿಲ್ಲ. ಜಮಖಂಡಿಯಲ್ಲಿ ಬೆಳ್ಳಿ ಅಂಗಡಿಗೆ ಒಯ್ಯುತ್ತೇನೆಂದೆ, ಆಗದು ಅಂದಳು. ಅಂಗಡಿಯವರು ತಕ್ಕಡಿಯಲ್ಲಿ ಇಡುತ್ತಾರೆ, ಲಿಂಗದ ಮನೆಯನ್ನು ತೂಗುವುದೂ ಲಿಂಗವನ್ನು ತೂಗುವುದೂ ಒಂದೇ. ಮಾಡಿಸುವಾಗ ಒಮ್ಮೆ ತೂಗಿದ್ದು, ಆಮೇಲೆ ಸಾಯುವ ತನಕ ತೂಗುವಂತಿಲ್ಲ. ನಮ್ಮ ಓಣಿಯ ಹೆಂಗಸರೆಲ್ಲರ ಶಾಸ್ತ್ರ ಇದೇ ಆಗಿತ್ತು. ಕಾಕಾನ ಮನೆಯಲ್ಲಿ ತಕ್ಕಡಿ ಇರಲಿಲ್ಲ. ಹಾಗಾಗಿ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಖಾಲಿ ಕರಡಿಗೆಯನ್ನು ನನ್ನ ಕೈಗೆ ಕೊಟ್ಟಳು.

ಬೆಳ್ಳಿಗೆ ಗೀರು ಬೀಳಬಾರದೆಂದು ಕಾಕಾ ಮದುವೆ ಕಾರ್ಡಿನ ತುಂಡೊಂದನ್ನು ಅದಕ್ಕೆ ಸುತ್ತಿ ಚಕ್ಕಿಗೆ ಹಿಡಿಸಿದರು. ಬಾಯಿಯ ತಿರುಪನ್ನು ತಾವೇ ಹೊಸದಾಗಿ ಕೊರೆದರು. ಅಲ್ಲಿಗೆ ಕೆಲಸ ಮುಗಿಯಿತು. ಮುಗಿಯಬೇಕಿತ್ತು. ಒಳಗೂ ಸಮ ಮಾಡಬೇಕು, ನೀನೇ ಹಿಡಿ ಅಂದರು. ಅಷ್ಟು ದಿನ ಕಬ್ಬಿಣ, ಹಿತ್ತಾಳೆ ಬಿಟ್ಟರೆ ಬೇರೆ ಏನನ್ನೂ ನನ್ನ ಕೈಗೆ ಕೊಟ್ಟಿರಲಿಲ್ಲ. ಬೆಳ್ಳಿ ಬೆಣ್ಣೆಯ ಹಾಗೆ ಎದ್ದು ಬಂತು. ಒಂದು ಸುತ್ತು ಆಯಿತು. ಇನ್ನೊಂದು ಕೂದಲೆಳೆಯಷ್ಟು ತಗಿ ಅಂದರು. ತೆಗೆದೆ. ಇನ್ನೊಂದು ಅಂದರು. ಹೀಗೆ ಎಷ್ಟು ಸುತ್ತು ತೆಗೆದೆನೋ ಲೆಕ್ಕವಿಲ್ಲ. ಬಾಯಿ ಸವೆದ ಕರಡಿಗೆಯ ಹೊಟ್ಟೆಯನ್ನು ಯಾಕೆ ಕೊರೆಯಬೇಕು? ಅದು ಆಗಲೇ ನನಗೆ ಹೊಳೆದಿತ್ತು ಅಂದರೆ ಸುಳ್ಳು, ಹೊಳೆಯಲೇ ಇಲ್ಲ ಅಂದರೂ ಸುಳ್ಳು. ಕೈ ಸುಖದಲ್ಲಿತ್ತು, ಬುದ್ಧಿಗೆ ಸುಮ್ಮನಿರು ಅಂದೆ. ಕಾಕಾ ಉದುರಿದ ಸುರುಳಿಗಳನ್ನೆಲ್ಲ ಬ್ರಷ್‌ನಿಂದ ಗೋರಿ ಕಾಗದದಲ್ಲಿ ಮಡಚಿ ಕಿಸೆಗೆ ಹಾಕಿಕೊಂಡರು. ಕರಡಿಗೆಗೆ ವಿಭೂತಿ ಹಚ್ಚಿ ತಾವೇ ನಮ್ಮ ಮನೆಗೆ ಬಂದು ಅವ್ವನ ಕೈಗೆ ಕೊಟ್ಟರು. ಕೂಲಿ ಎಷ್ಟೆಂದು ಅವ್ವ ಕೇಳಿದ್ದಕ್ಕೆ ಎರಡೂ ಕೈ ಮುಗಿದರು.

“ಲಿಂಗದ ಕೆಲಸಕ್ಕ ರೊಕ್ಕ ಮುಟ್ಟಂಗಿಲ್ಲ ಯವ್ವಾ. ಮುಟ್ಟಿದ ಕೈ ಉಳೀತಾವೇನು?”

ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ನೋಡಿದವನು ನಾನು.

ಮುಂದೆ ಆದದ್ದನ್ನು ಹೇಳಿದರೆ ಬೇರೆ ಊರಿನವರು ನಗುತ್ತಾರೆ. ಅವ್ವನಿಗೆ ಬಹಳ ವರ್ಷದಿಂದ ಕುತ್ತಿಗೆ ನೋವು. ಮಹಾಲಿಂಗಪುರದ ಎಣ್ಣೆ ಹಚ್ಚಿದ್ದಾಯಿತು, ಮುಧೋಳದ ಡಾಕ್ಟರರ ಗುಳಿಗೆ ನುಂಗಿದ್ದಾಯಿತು. ಕರಡಿಗೆ ಮನೆಗೆ ಬಂದು ಒಂದು ವಾರದಲ್ಲಿ ನೋವು ಇಳಿಯಿತು. ಇಳಿಯದೆ ಏನು ಮಾಡೀತು? ಕುತ್ತಿಗೆಗೆ ಜೋತುಬಿದ್ದ ಭಾರ ಅರ್ಧಕ್ಕರ್ಧ ಕಾಕಾನ ಕಿಸೆಗೆ ಹೋಗಿತ್ತು. ಅವ್ವ ಮಾತ್ರ ಅದನ್ನು ಕಾಕಾನ ಕೈಗುಣ ಅಂದಳು. ಬಾವಿಕಟ್ಟೆಯಲ್ಲಿ ಅಂದಳು, ಗಿರಣಿಯ ಮುಂದೆ ಅಂದಳು, ಚಿಮ್ಮಡದಿಂದ ಬಂದ ಬೀಗತಿಯ ಮುಂದೆಯೂ ಅಂದಳು. ಕುತ್ತಿಗೆ ಹೂವಾಗಿದೆ ಅಂತ ತಲೆಯನ್ನು ಆಚೆ ಈಚೆ ತಿರುಗಿಸಿ ತೋರಿಸುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಕುತ್ತಿಗೆ ನೋವಿನ ಹೆಂಗಸರು ಒಬ್ಬರ ಹಿಂದೆ ಒಬ್ಬರು ಸೆರಗಿನಲ್ಲಿ ಕರಡಿಗೆ ಮುಚ್ಚಿಕೊಂಡು ಕಾಕಾನ ಬಾಗಿಲಿಗೆ ಬಂದರು. ನಮ್ಮ ಕುತ್ತಿಗೆಯನ್ನೂ ಹಗುರ ಮಾಡಿಕೊಡಿರೆಂದು ತಾವಾಗಿಯೇ ಬೇಡಿಕೊಂಡರು.

ಒಂದು ಸಂಜೆ ಕಾಕಾ ಸ್ನಾನಕ್ಕೆ ಹೋಗಿದ್ದರು. ಸಣ್ಣ ಡ್ರಿಲ್ಲು ಹುಡುಕುತ್ತ ಟೇಬಲ್ಲಿನ ಕೆಳಗಿನ ಪೆಟ್ಟಿಗೆ ತೆರೆದೆ. ಉಪ್ಪಿನಕಾಯಿಯ ಗಾಜಿನ ಭರಣಿ ಇತ್ತು. ಅದರಲ್ಲಿ ಕತ್ತಿನ ತನಕ ಬೆಳ್ಳಿಯ ಸುರುಳಿ. ಮೇಲೆ ತಂಬಾಕಿನ ಚೂರುಗಳು, ಎಣ್ಣೆಯ ಪಸೆ, ಯಾರದೋ ಉದ್ದನೆಯ ಬಿಳಿ ಕೂದಲು ಒಂದು. ಯಾವ ಮುದುಕಿಯದೋ, ಕರಡಿಗೆಯ ದಾರಕ್ಕೆ ಸಿಕ್ಕಿಕೊಂಡು ಬಂದದ್ದು.

ಕಾಕಾ ಟವೆಲ್ಲು ಸುತ್ತಿಕೊಂಡು ಬಂದು, ನನ್ನ ಕೈಯಲ್ಲಿ ಭರಣಿ ನೋಡಿದರು. ಬೆಚ್ಚಲಿಲ್ಲ. ಕೂತರು, ತಂಬಾಕು ತಿಕ್ಕಿದರು. ಇದೇನ್ರಿ ಕಾಕಾ ಅಂದೆ.

“ನಿಮ್ಮವ್ವನ ಕುತ್ತಿಗಿ ನೋವು ಹೋತೋ ಇಲ್ಲೋ?” ಅಂದರು.

ನಾನು ಭರಣಿಯನ್ನು ಪೆಟ್ಟಿಗೆಯಲ್ಲಿ ವಾಪಸು ಇಟ್ಟೆ.

“ಮತ್ತ ಏನ ತಕರಾರು ನಿಂದು? ಮೊದಲನೇ ಸುರುಳಿ ನೀನ ತಗದದ್ದು.”

ಇದನ್ನೆಲ್ಲ ಮಠಕ್ಕೆ ಕೊಡುವವನಿದ್ದೇನೆ, ಬೆಳ್ಳಿಯ ಪಾದುಕೆ ಮಾಡಿಸುತ್ತೇನೆ, ಮುಳುಗಿದ ಊರಿನ ನೆನಪಿಗೆ ಅಂದರು. ಆಮೇಲೆ ಡಬ್ಬಿಗೆ ಉಗುಳಿ, ನಾಳೆ ಬಾ, ಮಗ್ಗದ ಗಾಲಿಯ ಹಲ್ಲು ಕೊರೆಯುವುದನ್ನು ಹೇಳಿಕೊಡುತ್ತೇನೆ ಅಂದರು.

ಥೂ ಅಂತ ಉಗುಳಿ ಎದ್ದು ಬಂದೆ ಎಂದು ಬರೆಯಲು ಎಷ್ಟು ಆಸೆ ಇದೆ ನನಗೆ. ಮರುದಿನ ಸಂಜೆ ಹೋದೆ. ಗಾಲಿಯ ಹಲ್ಲು ಕೊರೆಯುವುದನ್ನು ಕಲಿತೆ. ಅವ್ವನಿಗೆ ಹೇಳಿದರೆ ಅವಳ ನೋವು ಮರಳಿ ಬರುತ್ತದೆ, ಅದಕ್ಕೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಖರೆ ಏನೆಂದರೆ, ಬಾಯಿ ಬಿಟ್ಟರೆ ಆ ಕೋಣೆಯ ಬಾಗಿಲು ನನಗೆ ಮುಚ್ಚುತ್ತಿತ್ತು. ಒಂದೂವರೆ ಮೊಳದ ಮಷೀನಿನ ಆಸೆಗೆ ಬಿದ್ದು ಹೆತ್ತವ್ವನ ಕೊರಳಿನ ಕಳ್ಳತನವನ್ನು ನುಂಗಿಕೊಂಡೆ. ಕಾಕಾನ ಎಂಜಲು ಡಬ್ಬಿ ನೋಡಿ ಮೂಗು ಮುಚ್ಚುತ್ತಿದ್ದ ನನಗೆ ನನ್ನ ನಾತ ಬರಲಿಲ್ಲ.

ಅದೇ ವಾರ ಕಂಡಿಕೆ ಆಯಿ ಬಂದಳು. ಓಣಿಯ ಕೊನೆಯ ಮನೆಯವಳು. ಗಂಡ ತೀರಿದ ಮೇಲೆ ಮಗ್ಗದವರಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಟ್ಟು ಒಬ್ಬಳೇ ಬದುಕುತ್ತಿದ್ದಳು. ಮೈಮೇಲೆ ಕರಡಿಗೆ ಬಿಟ್ಟರೆ ಗುಲಗಂಜಿಯಷ್ಟು ಬೆಳ್ಳಿ ಇರಲಿಲ್ಲ. ಕಾಕಾನ ಮುಂದೆ ಕೂತಳು, ಆದರೆ ಕೇಳಿದ್ದು ನನ್ನನ್ನು.

“ಖರೇನ ಕುತ್ತಿಗಿ ಹಗುರ ಆಗತೈತೇನ್ರಿ ಮಾಸ್ತರ?”

ಕಾಕಾ ನನ್ನ ಮುಖ ನೋಡಿದರು. ದವಡೆ ಆಡುವುದು ನಿಂತಿತ್ತು. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಬರಲಾರದು ಅಂತ ಗೊತ್ತಿತ್ತು.

“ಆಗತೈತಿ ಆಯಿ, ಕೊಡು,” ಅಂದೆ.

ಮಠಕ್ಕೆ ಪಾದುಕೆ ಹೋದದ್ದು ಸುಳ್ಳಲ್ಲ. ಶ್ರಾವಣದ ಒಂದು ಸೋಮವಾರ ಕಾಕಾನಿಗೆ ಶಾಲು ಹೊದಿಸಿ, ಹಾರ ಹಾಕಿದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಪಾದುಕೆಯ ಅಂಚಿನಲ್ಲಿ ಅವರ ಹೆಸರು, ಮುಳುಗಿದ ಊರಿನ ಹೆಸರು ಕೆತ್ತಿತ್ತು. ನಮ್ಮ ಓಣಿಯ ಹೆಂಗಸರು ಸಾಲುಗಟ್ಟಿ ನಿಂತು ಹಣೆ ಮುಟ್ಟಿಸಿ ಬಂದರು. ಅವ್ವ ತನ್ನ ಕೊರಳಿನ ಬೆಳ್ಳಿಗೆ ತಾನೇ ಅಡ್ಡಬಿದ್ದಳು. ಎದ್ದಾಗ ಕಣ್ಣಲ್ಲಿ ನೀರಿತ್ತು. ಎಂಥ ಪುಣ್ಯವಂತರ ನೆರೆ ಸಿಕ್ಕಿತಪ್ಪ ನಮಗೆ ಅಂದಳು.

ಅವ್ವ ತೀರಿಕೊಂಡಾಗ ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದೆವು. ಖಾಲಿ ಕರಡಿಗೆಯನ್ನು ಮಠದ ಅಯ್ಯನವರು ನನ್ನ ಅಂಗೈಗೆ ಹಾಕಿದರು. ಕೈಯಲ್ಲಿ ಏನೋ ಇದೆ ಅನ್ನಿಸಲಿಲ್ಲ. ಬೆರಳು ಬಿಗಿ ಹಿಡಿದರೆ ಒಳಕ್ಕೆ ಹೋಗುವಷ್ಟು ತೆಳು. ಕಾಕಾ ನನ್ನ ಪಕ್ಕದಲ್ಲೇ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅದು ಸೋಗಲ್ಲ, ಖರೆ ಅಳು. ಅದೇ ನನಗೆ ಎಲ್ಲಕ್ಕಿಂತ ಹೇಸಿಗೆ ತರಿಸಿದ್ದು... ನಾನೂ ಅಳುತ್ತಿದ್ದೆ, ನಮ್ಮಿಬ್ಬರ ಅಳುವಿನಲ್ಲಿ ವ್ಯತ್ಯಾಸ ಏನಿತ್ತೋ ನೋಡುವವರಿಗೆ ಗೊತ್ತಾಗುತ್ತಿರಲಿಲ್ಲ.

ಎರಡು ವರ್ಷ ಬಿಟ್ಟು ಕಾಕಾನೂ ಹೋದರು. ದಿನಕರ್ಮ ಮುಗಿದ ಮೇಲೆ ಅವರ ಹೆಂಡತಿ ಮಷೀನನ್ನು ಕೈಗಾಡಿಯಲ್ಲಿ ನಮ್ಮ ಮನೆಗೆ ಕಳಿಸಿದರು. ಮಾಸ್ತರಿಗೇ ಕೊಡು ಅಂತ ಕಾಕಾ ಹೇಳಿ ಹೋಗಿದ್ದರಂತೆ. ಬೇಡ ಅನ್ನಲು ಕಾರಣ ಹೇಳಬೇಕಿತ್ತು. ಕಾರಣ ಹೇಳುವ ಬಾಯಿ ನನಗಿರಲಿಲ್ಲ. ಗೋಣಿತಾಟು ಹೊದಿಸಿ ಇಟ್ಟೆ.

ಮೊನ್ನೆ ನಾನು ಕಾರಿಕೊಂಡ ಮಾರನೆಯ ದಿನ, ಆ ಡಬ್ಬಿಯನ್ನು ಹೊರಗೆ ಎಸೆದು ಕೋಣೆ ತೊಳೆಯುತ್ತಿದ್ದೆ. ಕಂಡಿಕೆ ಆಯಿ ಗೋಡೆ ಹಿಡಿದು ಹಿಡಿದು ಬಂದಳು. ಬೆನ್ನು ಬಿಲ್ಲಾಗಿದೆ, ಕಣ್ಣು ಮಾತ್ರ ಚುರುಕು. ಮಷೀನು ಹೊರಗೆ ತೆಗೆದಿದ್ದಾರೆಂದು ಯಾರೋ ಹೇಳಿದರಂತೆ. ಕುತ್ತಿಗೆ ಮತ್ತೆ ಎಳೆಯುತ್ತಿದೆ, ಕಾಕಾ ಮಾಡಿದ ಹಾಗೆ ಇನ್ನೊಮ್ಮೆ ಹಗುರ ಮಾಡಿಕೊಡಿ ಅಂತ ಕರಡಿಗೆ ಬಿಚ್ಚಿ ಮುಂದೆ ಹಿಡಿದಳು. ಇನ್ನೊಂದು ಸುತ್ತು ಕೊರೆದರೆ ತೂತು ಬೀಳುತ್ತಿತ್ತು.

ಅವತ್ತು ಹೇಳಿದೆ. ಎಲ್ಲವನ್ನೂ ಹೇಳಿದೆ. ಭರಣಿ, ಸುರುಳಿ, ಪಾದುಕೆ, ನಾನು ನೋಡಿಯೂ ಸುಮ್ಮನಿದ್ದದ್ದು. ಬಯ್ಯಲಿ, ಶಪಿಸಲಿ ಅಂತ ಕಾದೆ. ಸತ್ತವರ ಮೇಲೆ ಹೊರಿಸುತ್ತೀಯಾ ಅನ್ನಬಹುದು ಅಂದುಕೊಂಡಿದ್ದೆ. ಆಯಿ ಕರಡಿಗೆಯನ್ನು ಹೊರಳಿಸಿ ಹೊರಳಿಸಿ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು.

“ನಾ ಅವನ್ನ ನಂಬಿ ಕೊಟ್ಟಿದ್ದಿಲ್ಲರಿ ಮಾಸ್ತರ. ಎಲ್ಲಿಂದಲೋ ಬಂದಾಂವ, ಅಂವ ನನಗೇನ ಗೊತ್ತು? ನಿಮ್ಮವ್ವ ಹೇಳಿದ್ಲು. ನನ್ನ ಮಗಾ ಅಲ್ಲೇ ನಿಂತಿರತಾನ, ಅವನ ಕಣ್ಣ ಮುಂದ ಕೂದಲಷ್ಟು ಹೆಚ್ಚುಕಡಿಮಿ ಆಗೂದಿಲ್ಲ, ಧೈರ್ಯದಿಂದ ಕೊಡು ಅಂದ್ಲು. ಓಣ್ಯಾಗ ಎಲ್ಲಾರಿಗೂ ಹಂಗ ಹೇಳಿದ್ಲು.”

ಕಾಕಾನ ಕೈಗುಣ ನಂಬಿ ಬಂದಿದ್ದಾರೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅವ್ವ ಇದ್ದಿದ್ದರೆ ಅವಳ ಕಾಲು ಹಿಡಿಯಬಹುದಿತ್ತು. ಅವಳಿಲ್ಲ. ಕರಡಿಗೆ ಕೊಟ್ಟವರಲ್ಲಿ ಈಗ ಉಳಿದಿರುವವಳು ಈ ಆಯಿ ಒಬ್ಬಳೇ.

ಆಯಿ ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಂಡು ಎದ್ದಳು. ಹಿತ್ತಲಿನ ಮೆಟ್ಟಿಲು ತೊಳೆದು ಒದ್ದೆಯಾಗಿತ್ತು. ಕಾಲು ಜಾರೀತೆಂದು ಕೈ ಚಾಚಿದೆ. ಅವಳು ನನ್ನ ಕೈಯನ್ನು ಒಮ್ಮೆ ನೋಡಿ, ಗೋಡೆ ಹಿಡಿದುಕೊಂಡು ಇಳಿದಳು.